ಅಕ್ಕನ ಎದೆಯಲ್ಲಿ ವೋಲ್ಟೇಜು ಬಿದ್ದ ವಾರ

ನನ್ನ ಅಕ್ಕನ ಹುಳುಮನೆಯೊಳಗೆ ಪ್ರವೇಶ ಸಿಗುವುದು ವಿಧಾನಸೌಧದೊಳಗೆ ಸಿಗುವುದಕ್ಕಿಂತ ಕಷ್ಟ. ರೇಷ್ಮೆ ಹುಳು ಸಾಕುವ ಆ ಶೀಟಿನ ಮನೆಯ ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿರುತ್ತದೆ. ಅದನ್ನು ತುಳಿದೇ ಒಳಗೆ ಕಾಲಿಡಬೇಕು. ಅದಕ್ಕೂ ಮೊದಲು ಅಕ್ಕ ಬಂದವರನ್ನು ಮೂಸುತ್ತಾಳೆ. ಇದು ಅಲಂಕಾರದ ಮಾತಲ್ಲ. ನಿಜವಾಗಿಯೂ ಹತ್ತಿರ ಬಂದು, ಭುಜದ ಬಳಿ ಮೂಗು ತಂದು, ಮೂಸುತ್ತಾಳೆ. ಬೀಡಿ, ಊದುಬತ್ತಿ, ಸೊಳ್ಳೆಬತ್ತಿ, ತಲೆಗೆ ಹಚ್ಚಿದ ಎಣ್ಣೆ, ಮದುವೆಮನೆಯಲ್ಲಿ ಯಾರೋ ಎರಚಿದ ಪನ್ನೀರು, ಇವುಗಳಲ್ಲಿ ಯಾವುದರ ವಾಸನೆ ಬಂದರೂ ಹುಳು ಸೊಪ್ಪು ಮುಟ್ಟುವುದಿಲ್ಲ ಎಂಬುದು ಅವಳ ಸಿದ್ಧಾಂತ. ರೇಷ್ಮೆ ಇಲಾಖೆಯವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಆದರೆ ಅವರು ಯಾರನ್ನೂ ಮೂಸುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಮಂಡಿಗೆ ನೋವಿನ ಮುಲಾಮು ಹಚ್ಚಿಕೊಂಡು ಹೋಗಿ, ಹೊಸ್ತಿಲಿನಿಂದಲೇ ಗಡೀಪಾರಾಗಿದ್ದೆ. ಅಂಗಳದ ಆಚೆ, ಹಸುವಿನ ಪಕ್ಕ, ನನಗೆ ಕಾಫಿ ಕೊಡಲಾಯಿತು. ಹಸುವಿಗೆ ನನ್ನ ವಾಸನೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಅಕ್ಕನಿಗೆ ಅರವತ್ತೇಳು, ನನಗೆ ಅರವತ್ತೆರಡು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಹೊತ್ತವಳಿಗೆ ಆಗ ಆರೋ ಏಳೋ ವರ್ಷ. ನನ್ನ ಕಾಲುಗಳು ಸ್ವಲ್ಪ ಬಾಗಿರುವುದಕ್ಕೆ ಆ ಸವಾರಿಯೇ ಕಾರಣವೆಂದು ನಾನು, ತನ್ನ ಸೊಂಟನೋವಿಗೆ ನಾನೇ ಕಾರಣವೆಂದು ಅವಳು, ಈ ಮೊಕದ್ದಮೆ ಐವತ್ತು ವರ್ಷದಿಂದ ಇತ್ಯರ್ಥವಾಗದೆ ನಡೆದಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾಗಿ ಸೂಲಿಬೆಲೆಯಲ್ಲಿದ್ದೇನೆ. ಅಕ್ಕನ ಊರು ಅಲ್ಲಿಂದ ಮೂರು ಮೈಲಿ. ಭಾವ ಮಾತು ಕಡಿಮೆಯ ಮನುಷ್ಯ. ಆ ಮನೆಯಲ್ಲಿ ಮಾತಿನ ಖಾತೆ ಮೊದಲಿನಿಂದಲೂ ಅಕ್ಕನ ಕೈಯಲ್ಲೇ ಇದೆ.

ಈಚಿನ ಒಂದು ಬೇಸಿಗೆಯಲ್ಲಿ ನಾನು ಹೋದಾಗ ಅಕ್ಕ ಕುಂಟುತ್ತಿದ್ದಳು.

"ಏನಕ್ಕಾ, ಕಾಲಿಗೇನಾಯ್ತು?"

"ಹಿಪ್ಪುನೇರಳೆ ಮೋಟು ಚುಚ್ಕೊಂತು ಕಣೋ. ಸೊಪ್ಪು ಕೊಯ್ತಾ ಇದ್ದೆ. ಚಪ್ಪಲೀನೂ ತೂರ್ಕೊಂಡು ಬಂದ್ಬಿಡ್ತು."

"ಏನಾದ್ರೂ ಹಚ್ಚಿದ್ಯಾ?"

"ಏನ್ ಹಚ್ಲಿ? ಹುಳ ನಾಲ್ಕನೇ ಜ್ವರ ಎದ್ದವೆ. ಟಿಂಚರ್ ಬಳ್ಕೊಂಡು ಒಳೀಕ್ ಹೋಗ್ಲಾ? ತಣ್ಣೀರಲ್ಲಿ ತೊಳ್ದು ಬಟ್ಟೆ ಕಟ್ಕೊಂಡಿದೀನಿ."

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದ ಮೇಲೆ ಏಳೆಂಟು ದಿನ ಅವು ಬಿಡುವಿಲ್ಲದೆ ಮೇಯುತ್ತವೆ. ಮನೆಯೊಳಗೆ ಜಡಿಮಳೆ ಸುರಿದಂತೆ ಸದ್ದು. ಆಮೇಲೆ ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೇರಿ ಗೂಡು ಕಟ್ಟುತ್ತವೆ. ಆ ಏಳೆಂಟು ದಿನ ಅಕ್ಕನ ಮನೆಯಲ್ಲಿ ಯಾರಿಗೂ ಕಾಯಿಲೆ ಬೀಳುವ ಹಕ್ಕಿಲ್ಲ.

"ಡಾಕ್ಟ್ರ ಹತ್ರನಾದ್ರೂ ಹೋಗಿ ಬಾ."

"ಹುಳ ಹಣ್ಣಾಗ್ಲಿ, ಹೋಗ್ತೀನಿ. ಇನ್ನಾರು ದಿನ. ಅಷ್ಟ್ರೊಳಗೆ ಕಾಲೇನು ಉದುರಿ ಹೋಗ್ತದಾ?"

ನಾನು ನಕ್ಕೆ. ನನ್ನ ಮುಲಾಮಿನ ಗಡೀಪಾರಿಗೆ ಕೊನೆಗೂ ಒಬ್ಬರು ಜೊತೆ ಸಿಕ್ಕರು ಎಂದು ಏನೋ ತಮಾಷೆ ಮಾಡಿ, ಕಾಫಿ ಕುಡಿದು, ಮನೆಗೆ ಬಂದೆ. ಮೂವತ್ತು ವರ್ಷ ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ ಹೇಳಿದವನಿಗೆ ಆ ದಿನ ಹೊಳೆದ ವಿಜ್ಞಾನ ಅಷ್ಟೇ.

ನಾಲ್ಕನೆಯ ದಿನ ಬೆಳಿಗ್ಗೆ ಭಾವನ ಫೋನು ಬಂತು. ಭಾವ ಫೋನು ಮಾಡುವ ಪೈಕಿಯವರಲ್ಲ. ಹಿಂದೊಮ್ಮೆ ಮಾಡಿದ್ದು ಅವರ ತಂದೆ ತೀರಿಕೊಂಡಾಗ.

"ಮೇಷ್ಟ್ರೇ, ಒಸಿ ಬಂದು ಹೋಗಿ. ನಿಮ್ಮಕ್ಕ ಸೊಪ್ಪು ಹಾಕಿರೋ ಕಡೆಗೇ ಇನ್ನೊಂದ್ಸಲ ಹಾಕ್ತಾವ್ಳೆ."

ಬೇರೆ ಯಾರ ಮನೆಯಲ್ಲಾದರೂ ಇದು ಸಣ್ಣ ವಿಷಯ. ಹುಳು ಹಾಸಿದ ಯಾವ ಅಂಕಣಕ್ಕೆ ಎಷ್ಟು ಹೊತ್ತಿಗೆ ಸೊಪ್ಪು ಬಿತ್ತು ಎಂಬುದನ್ನು ಅಕ್ಕ ಮರೆತಳೆಂದರೆ ಅದು ಸಣ್ಣ ವಿಷಯವಲ್ಲ ಎಂದು ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೋದಾಗ ಅವಳು ಜಗುಲಿಯ ಮೇಲೆ, ಸುಡು ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದಳು. ಉಸಿರು ಓಡಿ ಬಂದವಳ ಹಾಗೆ. ಕಾಲು ಮೀನಖಂಡದವರೆಗೆ ಊದಿ ಕೆಂಪಾಗಿತ್ತು. ನನ್ನನ್ನು ನೋಡಿ, "ಯಾಕೋ, ಇಸ್ಕೂಲಿಗೆ ಹೋಗ್ಲಿಲ್ವಾ ಇವತ್ತು?" ಎಂದಳು.

ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಹೊಸಕೋಟೆಗೆ ಹೊರಟೆವು. ಸೂಲಿಬೆಲೆ ಸರ್ಕಲ್ಲಿನ ಹತ್ತಿರ ಅಕ್ಕನಿಗೆ ಸ್ವಲ್ಪ ತಿಳಿವು ಬಂದು, ಮುಂದಿನ ಸೀಟಿನಲ್ಲಿದ್ದ ಭಾವನನ್ನು ಕಂಡಳು.

"ನೀವ್ಯಾಕೆ ಬಂದ್ರಿ? ಹುಳಕ್ಕೆ ಯಾರವ್ರೆ?"

"ಪಕ್ಕದೋರಿಗೆ ಹೇಳಿವ್ನಿ."

"ಪಕ್ಕದೋರು ಬೀಡಿ ಸೇದ್ತಾರೆ. ಇಳೀರಿ."

ಭಾವ ನನ್ನ ಮುಖ ನೋಡಿದರು. ಅವರು ಇಳಿದು, ಕಾರು ಹೋಗುವವರೆಗೂ ರಸ್ತೆಯ ಪಕ್ಕ ನಿಂತಿದ್ದು ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತದೊತ್ತಡ ಎಂಬತ್ತಕ್ಕೆ ನಲವತ್ತು ಬಂತು. ನರ್ಸು ಯಂತ್ರವನ್ನು ನಂಬದೆ ಇನ್ನೊಂದು ಸಲ ನೋಡಿದಳು. ಐಸಿಯು ನೋಡಿಕೊಳ್ಳುತ್ತಿದ್ದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದರು, ಉಗುರು ಒತ್ತಿ ನೋಡಿದರು, ಬೆಳಿಗ್ಗೆಯಿಂದ ಮೂತ್ರ ಮಾಡಿದ್ದಾರಾ ಎಂದು ಕೇಳಿದರು.

"ಸೆಪ್ಸಿಸ್ ಸರ್. ಕಾಲಿನ ಸೋಂಕು ಕಾಲಲ್ಲಿ ನಿಂತಿಲ್ಲ. ಈಗ ಸೋಂಕಿಗಿಂತ ಜಾಸ್ತಿ, ಅದರ ಮೇಲೆ ಮೈ ಮಾಡ್ತಿರೋ ಯುದ್ಧಾನೇ ಮೈಯನ್ನ ಕೆಡಿಸ್ತಾ ಇದೆ."

ಗಾಯ ಬಿಡಿಸಿ ಕೀವು ತೆಗೆದರು. ಆ್ಯಂಟಿಬಯಾಟಿಕ್ ಶುರುವಾಯಿತು. ಡ್ರಿಪ್ಪು ಬಾಟಲಿಯ ಮೇಲೆ ಬಾಟಲಿ ಇಳಿಯಿತು. ಅಷ್ಟಾದರೂ ಒತ್ತಡ ಏರದಿದ್ದಾಗ, ರಕ್ತನಾಳಗಳನ್ನು ಬಿಗಿಮಾಡುವ ಒಂದು ಔಷಧಿಯನ್ನು ಸಣ್ಣ ಪಂಪಿನಲ್ಲಿ ಹರಿಸಿದರು. ಸಂಜೆಗೆ ಒತ್ತಡ ನೂರಕ್ಕೆ ಬಂತು. ಹೃದಯದ ಸ್ಕ್ಯಾನು, ಅಂದರೆ ಎಕೋ, ಬಂದ ಕೂಡಲೇ ಒಮ್ಮೆ ಮಾಡಿದ್ದರು. ತಕ್ಕಮಟ್ಟಿಗೆ ಚೆನ್ನಾಗಿದೆ ಎಂದಿದ್ದರು. ಅಪರಾಧಿ ಸಿಕ್ಕಿಬಿದ್ದ, ಇನ್ನು ಶಿಕ್ಷೆಯೊಂದೇ ಬಾಕಿ ಎಂದು ನಾನು ಸಮಾಧಾನದಿಂದ ಕ್ಯಾಂಟೀನಿಗೆ ಹೋಗಿ ಇಡ್ಲಿ ತಿಂದೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕನಿಗೆ ಉಸಿರು ಸಾಲದಾಯಿತು. ಮುಖದ ತುಂಬ ಆಮ್ಲಜನಕದ ಮಾಸ್ಕು. ಮತ್ತೆ ಎಕೋ ಮಾಡಿದರು. ಈ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು, ಹೃದಯದ ಎಡಭಾಗ ಹಿಗ್ಗಿದೆ, ಸರಿಯಾಗಿ ಒತ್ತುತ್ತಿಲ್ಲ. ಒಂದೊಂದು ಬಡಿತಕ್ಕೆ ಒಳಗಿರುವ ರಕ್ತದಲ್ಲಿ ನೂರಕ್ಕೆ ಐವತ್ತೈದು ಅರವತ್ತು ಪಾಲು ಹೊರಗೆ ಹೋಗಬೇಕು, ಇವರಿಗೆ ಇಪ್ಪತ್ತೈದು ಹೋಗುತ್ತಿದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಏರಿದೆ.

ಇಲ್ಲಿ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತರು. ನಾಲ್ಕು ದಿನ ಮೊದಲೇ ಏಳಬೇಕಾಗಿದ್ದವರು, ಏಳಬಾರದ ಹೊತ್ತಿಗೆ ಎದ್ದರು.

"ಹಾರ್ಟ್ ಅಟ್ಯಾಕ್ ಅಂತ ನೇರವಾಗಿ ಹೇಳ್ಬಿಡಿ ಡಾಕ್ಟ್ರೇ. ನಾನೂ ವಿಜ್ಞಾನ ಓದಿದೋನು. ರಕ್ತನಾಳ ಕಟ್ಕೊಂಡಿದೆ. ಬೆಂಗಳೂರಿಗೆ ಕರ್ಕೊಂಡು ಹೋಗಿ ಸ್ಟೆಂಟ್ ಹಾಕಿಸ್ತೀನಿ. ಕಾಗದ ಕೊಡಿ, ಸೈನ್ ಮಾಡ್ತೀನಿ."

ಅವರು ಕಾಗದ ಕೊಡಲಿಲ್ಲ. ಬನ್ನಿ ಎಂದು ಒಳಗೆ ಕರೆದುಕೊಂಡು ಹೋಗಿ ಎಕೋದ ಚಿತ್ರವನ್ನು ತಿರುಗಿಸಿ ತೋರಿಸಿದರು. ಬೂದು ಬಣ್ಣದ ಒಂದು ಚೀಲ, ಬೇಸತ್ತವರ ಹಾಗೆ ಅಲುಗುತ್ತಿತ್ತು.

"ಅಟ್ಯಾಕ್ ಆದ್ರೆ ಸಾಮಾನ್ಯವಾಗಿ, ರಕ್ತ ಹೋಗದೇ ಇರೋ ಒಂದು ಕಡೆ ಗೋಡೆ ಸುಮ್ಮನಾಗಿರ್ತದೆ, ಮಿಕ್ಕಿದ್ದು ಕೆಲಸ ಮಾಡ್ತದೆ. ಇಲ್ಲಿ ನೋಡಿ, ಸುತ್ತಲೂ ಒಂದೇ ಸಮ ಸೋತಿದೆ. ಇಸಿಜಿಯಲ್ಲೂ ಅಟ್ಯಾಕಿನ ಗುರುತಿಲ್ಲ. ಹಾರ್ಟಿನ ಡಾಕ್ಟ್ರಿಗೂ ಕಳಿಸಿದ್ದೆ, ಅವರೂ ಇದನ್ನೇ ಹೇಳಿದ್ರು. ಏನೂ ಕಟ್ಕೊಂಡಿಲ್ಲ ಸರ್. ಸೆಪ್ಸಿಸ್‌ನಲ್ಲಿ ಮೈ ಬಿಡುಗಡೆ ಮಾಡೋ ರಾಸಾಯನಿಕಗಳು ಹಾರ್ಟಿನ ಸ್ನಾಯುವನ್ನೇ ಮಂಕು ಮಾಡ್ತವೆ. ಜೀವಕೋಶದೊಳಗೆ ಶಕ್ತಿ ತಯಾರಾಗೋದೇ ಕಮ್ಮಿ ಆಗ್ತದೆ."

ನನಗೆ ಅಕ್ಕನ ಹೊಲದ ಬೋರ್‌ವೆಲ್ಲು ನೆನಪಾಯಿತು. "ಮೋಟರ್ ಸುಟ್ಟಿಲ್ಲ, ಪೈಪು ಕಟ್ಟಿಲ್ಲ. ಲೋ ವೋಲ್ಟೇಜ್ ಅನ್ನಿ."

ಡಾಕ್ಟರು ಮೊದಲ ಸಲ ನಕ್ಕರು. ದೇವನಹಳ್ಳಿ ಕಡೆಯವರಂತೆ. ಅವರ ತಂದೆಯವರದೂ ಬೋರ್‌ವೆಲ್ಲು, ಅದೇ ಮೂರು ಫೇಸಿನ ಕಷ್ಟ. "ಹತ್ತಿರ ಹತ್ತಿರ ಸರಿ ಸರ್."

"ಹಂಗಾದ್ರೆ ನಿನ್ನೆ ಚೆನ್ನಾಗಿದೆ ಅಂದ್ರಲ್ಲ."

"ನಿಮ್ಮ ಮೋಟರನ್ನೇ ತಗೊಳ್ಳಿ. ನೀರು ಸುಮ್ನೆ ನೆಲದ ಮೇಲೆ ಬೀಳೋ ಹಾಗೆ ಪೈಪ್ ಬಿಟ್ರೆ ವೋಲ್ಟೇಜ್ ಕಮ್ಮಿ ಇದ್ರೂ ಸುರೀತದೆ. ಮೇಲಿನ ಟ್ಯಾಂಕಿಗೆ ಏರಿಸೋಕೆ ಹೋದಾಗ ಗೊತ್ತಾಗ್ತದೆ ಅದರ ಹಣೆಬರಹ. ನಿನ್ನೆ ರಕ್ತನಾಳ ಎಲ್ಲಾ ಸಡಿಲವಾಗಿ ಅಗಲವಾಗಿದ್ವು, ಹಾರ್ಟಿಗೆ ಭಾರವೇ ಇರ್ಲಿಲ್ಲ. ಇವತ್ತು ಔಷಧಿಯಲ್ಲಿ ಬಿಗಿ ಮಾಡಿದ್ದೀವಿ, ಭಾರ ಬಂತು, ಸೋತಿರೋದು ಕಂಡ್ತು."

"ಮತ್ತೆ ಜೋರಾಗಿ ಓಡಿಸೋಕೆ ಏನಾದ್ರೂ ಹಾಕಿ."

"ಹಾಕ್ತೀವಿ, ಎಷ್ಟು ಬೇಕೋ ಅಷ್ಟೇ. ಲೋ ವೋಲ್ಟೇಜಲ್ಲಿ ಮೋಟರ್ ಎಳೆದ್ರೆ ಏನಾಗ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಡ್ರಿಪ್ ಕಮ್ಮಿ ಮಾಡ್ತೀವಿ, ನೀರು ಶ್ವಾಸಕೋಶಕ್ಕೆ ಹೋಗ್ತಾ ಇದೆ. ಸೋಂಕು ಇಳೀಬೇಕು, ಮೈಯ ಗಲಾಟೆ ನಿಲ್ಲಬೇಕು. ಬದುಕಿ ಉಳಿದವರಲ್ಲಿ ವಾರ, ಹತ್ತು ದಿನದಲ್ಲಿ ಸಾಮಾನ್ಯವಾಗಿ ವಾಪಸ್ ಬರ್ತದೆ. ಈಗ ಆಂಬುಲೆನ್ಸಲ್ಲಿ ಸಾಗಿಸಿದ್ರೆ ಆ ದಾರೀನೇ ಅವರು ತಡೆಯಲ್ಲ."

'ಬದುಕಿ ಉಳಿದವರಲ್ಲಿ' ಎಂಬ ಎರಡು ಪದಗಳನ್ನು ಅವರು ಬೇಗ ಹೇಳಿ ಮುಗಿಸಿದ್ದರು. ನಾನು ಅವೆರಡನ್ನೇ ಕೇಳಿಸಿಕೊಂಡಿದ್ದೆ. ಕಾಗದ ಕೇಳುವುದನ್ನು ಬಿಟ್ಟೆ.

ಸಂಜೆ ಭಾವನಿಗೆ ಫೋನು ಮಾಡಿದೆ. ಅವರು ಮೊದಲು ತಮ್ಮ ವರದಿ ಒಪ್ಪಿಸಿದರು. ಐದು ಸಲ ಸೊಪ್ಪು ಬಿತ್ತು, ಹುಳ ಚೆನ್ನಾಗವೆ, ನಾಡಿದ್ದು ಹಣ್ಣಾಗಬಹುದು. ಆಮೇಲೆ ನಾನು ಒಪ್ಪಿಸಿದೆ.

"ಇಪ್ಪತ್ತೈದು ಅಂತೆ ಭಾವ."

"ನೂರಕ್ಕಾ?"

"ಹೂಂ. ಆದ್ರೆ ನೂರು ಯಾರಿಗೂ ಇರಲ್ಲ. ನಮಗೆಲ್ಲಾ ಐವತ್ತೈದು ಅರವತ್ತು."

ಹಿಂದಿನಿಂದ ಹುಳುಗಳು ಸೊಪ್ಪು ಕಡಿಯುವ ಸದ್ದು ಫೋನಿನಲ್ಲೂ ಕೇಳುತ್ತಿತ್ತು.

"ಅರ್ಧಕ್ಕೂ ಕಮ್ಮಿ ಅನ್ನಿ."

"ಅರ್ಧಕ್ಕೂ ಕಮ್ಮಿ."

"ಅವಳ ಅರ್ಧ ನಮ್ಮಿಬ್ಬರಿಗಿಂತ ಜಾಸ್ತಿ ಬಿಡಿ ಮೇಷ್ಟ್ರೇ," ಎಂದು ಇಟ್ಟುಬಿಟ್ಟರು.

ದಿನಕ್ಕೆರಡು ಸಲ, ಐದೈದು ನಿಮಿಷ ಒಳಗೆ ಬಿಡುತ್ತಿದ್ದರು. ಕಾಲು ತೊಳೆದು, ಕೈಗೆ ದ್ರಾವಣ ಹಚ್ಚಿಕೊಂಡು, ಹಸಿರು ಗೌನು ತೊಟ್ಟು ಒಳಗೆ ಹೋಗಬೇಕು. ಮೂಸುವುದೊಂದು ಬಿಟ್ಟರೆ ಹುಳುಮನೆಯ ಕಾನೂನೇ. ಅಕ್ಕ ಮಾಸ್ಕಿನೊಳಗಿಂದ ಒಂದೇ ಪದ ಹೇಳುತ್ತಿದ್ದಳು. "ಹುಳ?" ನಾನು ಭಾವನ ವರದಿಯನ್ನು ಅಕ್ಷರಶಃ ಓದಿ ಹೇಳುತ್ತಿದ್ದೆ. ತಪ್ಪಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಏನೂ ಕೇಳಲಿಲ್ಲ. ಕಣ್ಣು ಮುಚ್ಚಿಯೇ ಇದ್ದಳು. ನಾನಾಗಿಯೇ ವರದಿ ಹೇಳಿದೆ. ಬೇಕೆಂದೇ ಒಂದು ತಪ್ಪು ಸೇರಿಸಿ, ಐದು ಸಲದ ಬದಲು ಮೂರೇ ಸಲ ಸೊಪ್ಪು ಹಾಕಿದರಂತೆ ಎಂದೆ. ಹುಬ್ಬು ಅಲುಗಲಿಲ್ಲ. ಹೊರಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನಿಗೆ ಹೊಳೆದದ್ದು, ಇಂಜೆಕ್ಷನ್ನಿಗೆ ವಾಸನೆ ಇರುವುದಿಲ್ಲ. ಮಾತ್ರೆಗೂ ಇರುವುದಿಲ್ಲ. ಅವಳು ಕುಂಟುತ್ತಿದ್ದ ಆ ದಿನ ಇದೊಂದು ಮಾತು ಹೇಳಿದ್ದರೆ ಅವಳ ಕಾನೂನೂ ಉಳಿಯುತ್ತಿತ್ತು, ಕಾಲೂ ವಾಸಿಯಾಗುತ್ತಿತ್ತು. ನಾನು ತಮಾಷೆ ಮಾಡಿ ಬಂದಿದ್ದೆ.

ನೋಡಲು ಬಂದ ದೂರದ ನೆಂಟರೊಬ್ಬರು ಬಿಸ್ಕತ್ತಿನ ಪೊಟ್ಟಣ ಕೊಟ್ಟು, "ಹೆಂಡ್ತಿ ಇಲ್ಲಿ ಹಿಂಗೆ ಬಿದ್ದವ್ಳೆ, ಗಂಡ ಅಲ್ಲಿ ಹುಳ ಮೇಯಿಸ್ತಾವ್ನೆ. ಎಂಥಾ ಕಾಲ ಬಂತಪ್ಪಾ," ಎಂದರು. ಅವಳು ಕಣ್ಣು ಬಿಟ್ಟರೆ ಕೇಳುವುದು ಯಾವುದನ್ನು ಎಂದು ಭಾವನಿಗೆ ಗೊತ್ತಿದೆ, ಉತ್ತರ ತಯಾರಿಟ್ಟುಕೊಳ್ಳುತ್ತಿದ್ದಾರೆ ಎಂದು ನಾನು ಹೇಳಬಹುದಾಗಿತ್ತು. ಬಿಸ್ಕತ್ತು ವಾಪಸ್ ಕೊಟ್ಟೆ.

ನಾಲ್ಕನೆಯ ದಿನ ಜ್ವರ ಬಿಟ್ಟಿತು. ಮೂತ್ರ ಚೆನ್ನಾಗಿ ಬಂತೆಂದು ನರ್ಸು ಹೇಳಿದಾಗ ನಾನು ಆಕೆಗೆ ಕೈ ಮುಗಿದೆ. ಈ ಕಾರಣಕ್ಕಾಗಿ ಕೈ ಮುಗಿಯುವ ದಿನ ಬರುತ್ತದೆಂದು ಎಣಿಸಿರಲಿಲ್ಲ. ಒತ್ತಡದ ಔಷಧಿಯನ್ನು ಹನಿಹನಿಯಾಗಿ ಇಳಿಸತೊಡಗಿದರು.

ಐದನೆಯ ದಿನ ಮಧ್ಯಾಹ್ನ ಭಾವ ಬಂದರು. ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದರು. ಮದುವೆಗೆ ಬಂದವರ ಹಾಗಿದ್ದರು. ಕಣ್ಣು ಮಾತ್ರ ವಾರದಿಂದ ಮುಚ್ಚಿದ ಹಾಗಿರಲಿಲ್ಲ. ಇಬ್ಬರನ್ನೂ ಒಳಗೆ ಬಿಟ್ಟರು. ಅಕ್ಕ ಕಣ್ಣು ಬಿಟ್ಟಳು.

"ಎಷ್ಟು ಚಂದ್ರಿಕೆ ಆಯ್ತು?"

"ಮೂವತ್ತೆರಡು."

"ಹಣ್ಣಾಗ್ದೇ ಇರೋದನ್ನೂ ಎತ್ತಿ ಹಾಕ್ಲಿಲ್ಲ ತಾನೇ?"

"ಇಲ್ಲ."

"ಸುಳ್ಳು."

"ಒಂದಷ್ಟು."

ಅವಳು ಸಮಾಧಾನವಾಗಿ ಮತ್ತೆ ಕಣ್ಣು ಮುಚ್ಚಿದಳು. ಭಾವ ಹಾಸಿಗೆಯ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಐದು ನಿಮಿಷ ಮುಗಿದ ಮೇಲೂ ನಿಂತೇ ಇದ್ದರು. ನರ್ಸು ಗಡಿಯಾರ ನೋಡಿ, ಬೇರೆ ಕಡೆ ತಿರುಗಿಕೊಂಡಳು.

ಎಂಟನೆಯ ದಿನದ ಎಕೋಗೆ ಡಾಕ್ಟರು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಅದೇ ಬೂದು ಚೀಲ, ಆದರೆ ಈಗ ಬಿಗಿಯಾಗಿ ಮುಚ್ಚಿ ಬಿಡಿಸಿ ಮುಚ್ಚುತ್ತಿತ್ತು. ಹಿಗ್ಗಿದ್ದದ್ದು ಕುಗ್ಗಿದೆ, ಇಪ್ಪತ್ತೈದು ನಲವತ್ತೈದಕ್ಕೆ ಬಂದಿದೆ ಎಂದರು. ನಾನು ಅಂಕಿಯನ್ನು ಎರಡು ಸಲ ಕೇಳಿ ಬರೆದುಕೊಂಡೆ. ಭಾವನಿಗೆ ಅಂಕಿ ಬೇಕಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದವರು, "ಮೇಯ್ತಾ ಐತೆ," ಎಂದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ರೇಷ್ಮೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲವೆಂದು ನಾನು ವಿವರಿಸಿದೆ.

ಮನೆಗೆ ಕಳಿಸುವ ದಿನ ಡಾಕ್ಟರು ಅಕ್ಕನ ಪಕ್ಕ ಕೂತು ಒಂದು ಪಾಠ ಮಾಡಿದರು. "ಗಾಯ ಆದ ದಿನವೇ ತೋರಿಸ್ಬೇಕಮ್ಮ. ವಾಸನೆ ಅಂತ ಬಿಟ್ರಂತೆ. ಇಂಜೆಕ್ಷನ್‌ಗೆ, ಮಾತ್ರೆಗೆ ಯಾವ ವಾಸನೆ ಇರ್ತದೆ?"

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಇದನ್ನ ನೀನು ಅವತ್ತೇ ಹೇಳ್ಬಾರ್ದಾಗಿತ್ತೇನೋ? ಮೂವತ್ತು ವರ್ಷ ಏನ್ ಪಾಠ ಹೇಳ್ದೆ?"

ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಂದಿನಿಂದ ನಾನು ನನಗೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಅವಳ ಬಾಯಲ್ಲಿ, ಅದೂ ಅಷ್ಟು ಜೋರಾಗಿ ಕೇಳಿದ ಮೇಲೆ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಚೀಲ ಎತ್ತಿಕೊಂಡೆ.

ಆರು ವಾರ ಅವಳನ್ನು ಹೊಲಕ್ಕೆ ಬಿಡಲಿಲ್ಲ. ಭಾವ ಯಾರನ್ನೂ ಕೇಳದೆ, ಮುಂದಿನ ಬೆಳೆಗೆ ಹೇಳಿಟ್ಟಿದ್ದ ಮರಿಹುಳುಗಳನ್ನು ಬೇಡವೆಂದು ತಿಳಿಸಿಬಿಟ್ಟರು. ಮದುವೆಯಾದ ಮೇಲೆ ಅವರು ಸ್ವತಂತ್ರವಾಗಿ ತೆಗೆದುಕೊಂಡ ಮೊದಲ ನಿರ್ಧಾರವೆಂದು ನನ್ನ ಅಂದಾಜು. ಅಕ್ಕ ಎರಡು ದಿನ ಮಾತು ಬಿಟ್ಟಳು. ಅವರಿಗೆ ಅದು ತಿಳಿಯಲೇ ಇಲ್ಲ.

ಆರು ವಾರದ ಮೇಲೆ ಕೊನೆಯ ಎಕೋಗೆ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಊರಿನ ಸುದ್ದಿಯನ್ನೆಲ್ಲ ಹೇಳಿದಳು, ನಾನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ನಲವತ್ತೈದಕ್ಕೇ ನಿಂತುಬಿಟ್ಟಿದ್ದರೆ ಎಂಬುದೊಂದೇ ತಲೆಯಲ್ಲಿ. ಡಾಕ್ಟರು ಎಡಕ್ಕೆ ಮಲಗಿಸಿ, ಬಹಳ ಹೊತ್ತು ನೋಡಿ, "ಅರವತ್ತು," ಎಂದರು. "ಏನೂ ಆಗೇ ಇಲ್ಲ ಅನ್ನೋ ಹಾಗಿದೆ."

ನಾನು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಒರೆಸುವುದು ಸ್ವಲ್ಪ ಹೆಚ್ಚು ಹೊತ್ತಾಯಿತೋ ಏನೋ. ಅಕ್ಕ ಎದ್ದು ಸೆರಗು ಸರಿಮಾಡಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ಇವನದೂ ಒಂದ್ಸಲ ನೋಡ್ಬಿಡಿ. ಬಸ್ಸಲ್ಲಿ ಬರ್ತಾ ಮುಖ ಸುಣ್ಣ ಆಗಿತ್ತು."

"ನನಗೇನಾಗಿದೆ? ಚೆನ್ನಾಗಿದ್ದೀನಿ."

"ನಾನೂ ಹಂಗೇ ಅಂದಿದ್ದೆ. ಮಲ್ಕೋ."

ಮುಂದಿನ ರೋಗಿ ಇನ್ನೂ ಬಂದಿರಲಿಲ್ಲ. ಡಾಕ್ಟರು ನಗು ತಡೆದುಕೊಂಡು ಮಂಚದ ಕಡೆ ಕೈ ತೋರಿಸಿದರು. ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ, ಯಾವ ರೋಗವೂ ಇಲ್ಲದೆ, ಅಂಗಿ ಬಿಚ್ಚಿ, ಎದೆಯ ಮೇಲೆ ತಣ್ಣನೆಯ ಜೆಲ್ಲಿ ಹಚ್ಚಿಸಿಕೊಂಡು ನಾನು ಮಲಗಬೇಕಾಯಿತು. ಅಕ್ಕ ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡು, ಕತ್ತು ಮುಂದೆ ಚಾಚಿ, ಹೊಸ ಸೊಪ್ಪಿನ ಮೇಲೆ ಬಿಟ್ಟ ಹುಳುವನ್ನು ನೋಡುವಷ್ಟೇ ಗಮನವಿಟ್ಟು ನನ್ನ ಹೃದಯವನ್ನು ನೋಡಿದಳು. ಡಾಕ್ಟರು ಏನೂ ಹೇಳುವ ಮೊದಲೇ ತನ್ನ ತೀರ್ಪು ಕೊಟ್ಟಳು.

"ಸದ್ಯ, ಸರಿಯಾಗೇ ನಡೀತಾ ಇದೆ. ಏಳೋ, ಮೂರೂವರೆ ಬಸ್ಸಿಗೆ ಹೊತ್ತಾಯ್ತು."